ಆಟ ಅಗ್ಗ, ಪಂದ್ಯಾವಳಿ ದುಬಾರಿ: ಬರದ ಸೀಮೆಯಲ್ಲಿ ಚೆಸ್

ಭಾರತದ ಚೆಸ್‌ಗೆ ಇಂಥ ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನ ಮುಕ್ತ ಮತ್ತು ಮಹಿಳಾ ವಿಭಾಗಗಳೆರಡರಲ್ಲೂ ನಮ್ಮವರು ಚಿನ್ನ ಗೆದ್ದರು. ಅದೇ ವರ್ಷ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಹರೆಯದ ಡಿ. ಗುಕೇಶ್ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. 2025ರ ಜುಲೈನಲ್ಲಿ ದಿವ್ಯಾ ದೇಶ್‌ಮುಖ್ ಮಹಿಳಾ ವಿಶ್ವಕಪ್ ಗೆದ್ದು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, ಬೆಂಗಳೂರಿನ ಪ್ರಣವ್ ಆನಂದ್ ಅವರ ನಂತರ ಆ ಪಟ್ಟಕ್ಕೇರಿದರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮಕ್ಕಳೂ ಈ ಸುದ್ದಿಯನ್ನು ಮೊಬೈಲ್‌ನಲ್ಲಿ ನೋಡುತ್ತಾರೆ, ಬೋರ್ಡು ಹರಡಿಕೊಂಡು ಆಡುತ್ತಾರೆ. ಆದರೆ ಬೆಳೆ ಕೈಕೊಟ್ಟ ವರ್ಷ, ಮಗ್ಗಕ್ಕೆ ಕೆಲಸವಿಲ್ಲದ ವರ್ಷ, ಪಂದ್ಯಾವಳಿಗೆ ಹೆಸರು ಕೊಡುವವರು ಕಡಿಮೆಯಾಗುತ್ತಾರೆ. ಅವರು ಬಿಡುವುದು ಆಟವನ್ನಲ್ಲ, ಪಂದ್ಯಾವಳಿಗೆ ಹೋಗುವುದನ್ನು. ಚೆಸ್ ಅಗ್ಗದ ಆಟ. ಚೆಸ್ ಪಂದ್ಯಾವಳಿ ದುಬಾರಿ ಏರ್ಪಾಡು. ಕಷ್ಟಕಾಲದಲ್ಲಿ ಹಾಜರಾತಿ ಕುಸಿಯುವುದಕ್ಕೆ ಮೂಲ ಕಾರಣ ಈ ಅಂತರದಲ್ಲಿದೆ. ಮಕ್ಕಳ ಆಸಕ್ತಿ ಕುಂದಿದೆ, ಮೊಬೈಲ್ ಹಾಳುಮಾಡಿದೆ ಎಂಬ ಮಾತುಗಳು ಈ ಕಾರಣವನ್ನು ಮರೆಮಾಡುತ್ತವೆ.

ಶೇಂಗಾ ಮತ್ತು ಸೀರೆ

ಈ ಎರಡು ತಾಲ್ಲೂಕುಗಳ ಮನೆಖರ್ಚು ನಡೆಯುವುದು ಮುಖ್ಯವಾಗಿ ಎರಡು ಕಸುಬುಗಳಿಂದ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ತಂದದ್ದು ಶೇಂಗಾ. ಮಳೆ ನಂಬಿ ಬಿತ್ತುವ ಬೆಳೆ ಇದು. ಇಲ್ಲಿನ ವಾರ್ಷಿಕ ಸರಾಸರಿ ಮಳೆಯೋ 500 ಮಿಲಿಮೀಟರ್ ಆಸುಪಾಸು. ಜೂನ್–ಜುಲೈನಲ್ಲಿ ಬಿತ್ತಿದ ಮೇಲೆ ಹೂ ಬಿಟ್ಟು ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗಿಳಿಯುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೆ ಸಾಕು, ಗಿಡ ಹಸಿರಾಗಿಯೇ ಇರುತ್ತದೆ, ಬುಡದಲ್ಲಿ ಕಾಯಿ ಇರುವುದಿಲ್ಲ. 2023ರ ಮುಂಗಾರು ಹಂಗಾಮಿನಲ್ಲಿ ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಈ ಎರಡೂ ಅದರಲ್ಲಿದ್ದವು. ಈ ಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ ₹5,300 ಕೋಟಿ ಘೋಷಣೆಯಾದಾಗ ಇಲ್ಲಿ ಅಷ್ಟೊಂದು ನಿರೀಕ್ಷೆ ಹುಟ್ಟಿದ್ದು ಈ ಕಾರಣಕ್ಕೇ.

ಮಳೆ ಬಂದ ವರ್ಷವೂ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಳೆಯ ವೈಭವ ಮರಳುವುದಿಲ್ಲ. 1990ರ ದಶಕದ ನಡುವಿನಲ್ಲಿ ಖಾದ್ಯ ತೈಲದ ಆಮದು ಮುಕ್ತವಾದ ಮೇಲೆ ತಾಳೆ ಎಣ್ಣೆ ಮಾರುಕಟ್ಟೆಗೆ ನುಗ್ಗಿತು. ಶೇಂಗಾ ಎಣ್ಣೆ ಅದರ ಬೆಲೆಯೊಂದಿಗೆ ಪೈಪೋಟಿ ಮಾಡಲಾರದೆ ಹಲವು ಮಿಲ್ಲುಗಳು ಬಾಗಿಲು ಹಾಕಿದವು. ಚೆಸ್‌ಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಣ್ಣ ಊರಿನಲ್ಲಿ ಟ್ರೋಫಿಗೆ, ಶಾಮಿಯಾನಕ್ಕೆ, ಊಟಕ್ಕೆ ದುಡ್ಡು ಕೊಡುವವರು ಮಿಲ್ ಮಾಲೀಕರು, ಮಂಡಿ ವರ್ತಕರು, ಅಂಗಡಿಯವರು. ಅವರ ವ್ಯಾಪಾರ ಕುಗ್ಗಿದರೆ ರಸೀದಿ ಪುಸ್ತಕ ಹಿಡಿದು ಹೋದವರಿಗೆ ಮೊದಲು ಸಿಗುವ ಉತ್ತರ, "ಮುಂದಿನ ವರ್ಷ ನೋಡೋಣ".

ಮೊಳಕಾಲ್ಮುರಿನ ಕಥೆ ಮಗ್ಗದ್ದು. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆಗೆ ನಾಡಿನಲ್ಲಿ ಹೆಸರಿದೆ; ನೇಯುವವರಿಗೆ ಹಾಗೆ ನೆಮ್ಮದಿಯಿಲ್ಲ. ನೂಲಿನ ಬೆಲೆ ಏರಿದಾಗ, ಪವರ್‌ಲೂಮ್ ಸೀರೆ ಕಡಿಮೆ ದರಕ್ಕೆ ಬಂದಾಗ ಪೆಟ್ಟು ಬೀಳುವುದು ಕೈಮಗ್ಗಕ್ಕೆ. ಸೀರೆಗಿಷ್ಟು ಎಂದು ಕೂಲಿ ಪಡೆಯುವ ಮನೆಗೆ ವಾರದ ರಜೆಯೆಂಬುದಿಲ್ಲ. ಗಂಡ ಮಗ್ಗದ ಗುಂಡಿಯಲ್ಲಿ ಕುಳಿತರೆ ಹೆಂಡತಿ ನೂಲು ಬಿಡಿಸುತ್ತಾಳೆ, ಮಕ್ಕಳು ಕಂಡಿಕೆ ಸುತ್ತುತ್ತಾರೆ. ಆ ಮನೆಯಿಂದ ಒಬ್ಬ ಹುಡುಗ ಭಾನುವಾರ ಪಂದ್ಯಾವಳಿಗೆ ಹೋದನೆಂದರೆ ಅವನನ್ನು ಕರೆದೊಯ್ಯುವ ದೊಡ್ಡವರ ದಿನದ ನೇಯ್ಗೆಯೂ ನಿಂತಿತೆಂದೇ ಲೆಕ್ಕ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತು ಸೀರೆ ಮಾರಾಟವೂ ನಿಂತಾಗ ಇಂಥ ಮನೆಗಳು ಮಾಡಿದ ಸಾಲ, ಲಾಕ್‌ಡೌನ್ ತೆರವಾದ ದಿನವೇ ತೀರುವಂಥದ್ದಾಗಿರಲಿಲ್ಲ.

ಒಂದು ಭಾನುವಾರದ ಖರ್ಚು

ಮೊಳಕಾಲ್ಮುರಿನಿಂದ ಜಿಲ್ಲಾ ಕೇಂದ್ರಕ್ಕೆ ಚಳ್ಳಕೆರೆ ಮೇಲೆ ಹಾದು ಸುಮಾರು 80 ಕಿಲೋಮೀಟರ್. ಚಿತ್ರದುರ್ಗದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಎಂದರೆ ಮಗು ಐದಕ್ಕೇ ಏಳಬೇಕು, ಆರರ ಹೊತ್ತಿಗೆ ಬಸ್ ಹಿಡಿಯಬೇಕು. ಪಕ್ಕದ ಹಳ್ಳಿಯ ಮಗುವಾದರೆ ಬಸ್‌ಸ್ಟ್ಯಾಂಡ್ ಮುಟ್ಟಲು ಮೊದಲು ಬೈಕೋ ಆಟೊವೋ ಬೇಕು. ಒಂದು ದಿನದ ಪಂದ್ಯಾವಳಿಯ ಪ್ರವೇಶ ಶುಲ್ಕ ಕೆಲವು ನೂರು ರೂಪಾಯಿ. ಅದರ ಜತೆಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ. ಬೋರ್ಡು ಮತ್ತು ಗಡಿಯಾರವನ್ನು ಆಟಗಾರರೇ ತರಬೇಕೆಂಬ ಸೂಚನೆ ಹಲವು ಪಂದ್ಯಾವಳಿಗಳ ಕರಪತ್ರದಲ್ಲಿರುತ್ತದೆ. ಸುತ್ತಿಡುವ ವಿನೈಲ್ ಹಾಸು, ಪ್ಲಾಸ್ಟಿಕ್ ಕಾಯಿಗಳನ್ನು ಕೆಲವು ನೂರಕ್ಕೆ ಕೊಳ್ಳಬಹುದು. ಡಿಜಿಟಲ್ ಗಡಿಯಾರದ ಬೆಲೆ ಸಾವಿರ ದಾಟುತ್ತದೆ.

ಇದನ್ನು ಈ ಸೀಮೆಯ ದುಡಿಮೆಗೆ ಹೋಲಿಸಿ ನೋಡಬೇಕು. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ ₹370 ಇತ್ತು. ಪ್ರವೇಶ ಶುಲ್ಕ ₹400 ಎಂದು ಹಿಡಿದರೆ ಅದೊಂದೇ ಒಂದು ದಿನದ ಕೂಲಿಯನ್ನು ನುಂಗಿ ಹಾಕುತ್ತದೆ. ಪ್ರಯಾಣ, ಊಟ, ಜತೆಗೆ ಹೋದವರು ಕಳೆದುಕೊಂಡ ಒಂದು ದಿನದ ದುಡಿಮೆ ಸೇರಿಸಿದರೆ ಒಬ್ಬ ಹುಡುಗನ ಒಂದು ಭಾನುವಾರಕ್ಕೆ ಮೂರು ದಿನದ ಕೂಲಿ ಬೇಕು. ಮಳೆ ಬಂದ ವರ್ಷ ಅಪ್ಪ ಈ ಖರ್ಚನ್ನು ಹೇಗೋ ಸರಿದೂಗಿಸುತ್ತಾನೆ. ಬಾರದ ವರ್ಷ ಬೀಜದ ಸಾಲ, ಶಾಲೆಯ ಫೀಸು, ಮನೆಯ ರೇಷನ್ನಿನ ನಂತರವಷ್ಟೇ ಚೆಸ್‌ನ ಸರದಿ, ಆ ಸರದಿ ಬರುವುದೇ ಇಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು ಆಡುವವರಿದ್ದರೆ ಮನೆಯವರು ಒಬ್ಬರನ್ನು ಆರಿಸಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಉಳಿದುಕೊಳ್ಳುವವಳು ಹುಡುಗಿ.

ಇಲ್ಲಿ ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿ–ಮಗಳು ಇಬ್ಬರೂ ಟಿಕೆಟ್ ದುಡ್ಡಿಲ್ಲದೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿಬರಬಹುದು. ಪಂದ್ಯಾವಳಿ ನಡೆಸುವವರು ಇದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ತಾಯಂದಿರು ಬೆಳಿಗ್ಗೆಯಿಂದ ಸಂಜೆವರೆಗೆ ಕುಳಿತುಕೊಳ್ಳಲು ನೆರಳು, ಕುಡಿಯಲು ನೀರು, ಶೌಚಾಲಯ ಇದ್ದರೆ, ಬಹುಮಾನ ವಿತರಣೆ ಐದು ಗಂಟೆಯೊಳಗೆ ಮುಗಿದರೆ, ಹುಡುಗಿಯರ ಸಂಖ್ಯೆ ಹೆಚ್ಚಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಕೊನೆಯ ಬಸ್ ಹೋಗಿರುತ್ತದೆ ಎಂಬ ಭಯ ಇರುವವರೆಗೆ ಯಾವ ತಾಯಿಯೂ ಎರಡನೇ ಸಲ ಬರುವುದಿಲ್ಲ.

ನಡೆಸುವವರ ಲೆಕ್ಕ

ತಪ್ಪೆಲ್ಲ ಸಂಘಟಕರದೇ ಎನ್ನುವುದು ನ್ಯಾಯವಲ್ಲ. ಅವರ ಖರ್ಚನ್ನೂ ನೋಡೋಣ. ಉದಾಹರಣೆಗೆ, ನೂರು ಮಂದಿ ತಲಾ ₹400 ಕೊಟ್ಟು ಬಂದರು ಎಂದುಕೊಳ್ಳಿ. ಕೈಗೆ ಬಂದದ್ದು ₹40,000. ನಗದು ಬಹುಮಾನಕ್ಕೆ ₹15,000, ಟ್ರೋಫಿ–ಪದಕಗಳಿಗೆ ₹8,000, ಊಟ–ಚಹಾಕ್ಕೆ ₹7,000, ತೀರ್ಪುಗಾರರ ಗೌರವಧನಕ್ಕೆ ₹6,000, ಹಾಲ್ ಬಾಡಿಗೆ, ಮೈಕ್, ಬ್ಯಾನರಿಗೆ ₹4,000 ಕೊಟ್ಟರೆ ಕೈ ಖಾಲಿ. ಈಗ ಅರವತ್ತೇ ಮಂದಿ ಬಂದರು ಎಂದುಕೊಳ್ಳಿ. ಬಂದದ್ದು ₹24,000. ಖರ್ಚಿನಲ್ಲಿ ಇಳಿದದ್ದು ಊಟದ ಬಾಬತ್ತು ಮಾತ್ರ. ಬಹುಮಾನವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿಯಾಗಿದೆ, ಹಾಲ್‌ಗೆ ಮುಂಗಡ ಕೊಟ್ಟಾಗಿದೆ. ₹13,000ಕ್ಕೂ ಹೆಚ್ಚು ಕೈಯಿಂದ ಹಾಕಬೇಕು.

ಒಂದು ವರ್ಷ ಹೀಗೆ ಕೈಸುಟ್ಟುಕೊಂಡ ಸಂಘಟಕ ಮರುವರ್ಷ ಎರಡರಲ್ಲೊಂದು ಮಾಡುತ್ತಾನೆ. ಶುಲ್ಕ ಏರಿಸುತ್ತಾನೆ, ಇಲ್ಲವೇ ಪಂದ್ಯಾವಳಿಯನ್ನು ದಾವಣಗೆರೆಯಂಥ ದೊಡ್ಡ ಊರಿಗೆ ಒಯ್ಯುತ್ತಾನೆ. ಎರಡರಿಂದಲೂ ದೂರವಾಗುವುದು ಚಳ್ಳಕೆರೆ, ಮೊಳಕಾಲ್ಮುರಿನ ಮಗು. ಹಾಜರಾತಿ ಕುಸಿದದ್ದಕ್ಕೆ ಶುಲ್ಕ ಏರುತ್ತದೆ, ಶುಲ್ಕ ಏರಿದ್ದಕ್ಕೆ ಹಾಜರಾತಿ ಇನ್ನೂ ಕುಸಿಯುತ್ತದೆ. ಹೊರಗಿನಿಂದ ಹಣ ಬಾರದೆ ಈ ಸುಳಿಯಿಂದ ಪಾರಾಗುವ ದಾರಿಯಿಲ್ಲ.

ಸಂಖ್ಯೆ ಇಳಿದರೆ ಆಟದ ಗುಣಮಟ್ಟವೂ ಕೆಡುತ್ತದೆ. ಬಹುಪಾಲು ಸ್ಥಳೀಯ ಪಂದ್ಯಾವಳಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯ ಹೆಚ್ಚುಗಾರಿಕೆ ಏನೆಂದರೆ, ಸೋತವರನ್ನು ಮನೆಗೆ ಕಳಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಸರಿಸುಮಾರು ಸಮಾನ ಅಂಕದವರು ಎದುರಾಗುತ್ತಾರೆ. ಮೊದಲ ಸುತ್ತಿನಲ್ಲಿ ಸೋತ ಹಳ್ಳಿಯ ಮಗು ಮೂರನೇ ಸುತ್ತಿನ ಹೊತ್ತಿಗೆ ತನ್ನ ಮಟ್ಟದ ಎದುರಾಳಿಯನ್ನು ಪಡೆದು, ಸಂಜೆಯ ಹೊತ್ತಿಗೆ ಏಳು ಪಂದ್ಯ ಆಡಿರುತ್ತದೆ. ನೂರು ಮಂದಿ ಇದ್ದಾಗ ಇದು ಸೊಗಸಾಗಿ ನಡೆಯುತ್ತದೆ. ಹದಿನೈದು–ಇಪ್ಪತ್ತು ಮಂದಿಯಷ್ಟೇ ಇದ್ದರೆ ನಾಲ್ಕನೇ ಸುತ್ತಿಗೇ ಸಮಬಲದ ಜೋಡಿ ಸಿಗುವುದು ಕಷ್ಟ. ಸಂಖ್ಯೆ ಬೆಸವಾದರೆ ಒಬ್ಬರಿಗೆ ಬೈ. ಅಂಕ ಸಿಗುತ್ತದೆ, ಆಟ ಸಿಗುವುದಿಲ್ಲ. ಮೂರು ದಿನದ ಕೂಲಿ ಖರ್ಚು ಮಾಡಿ ಬಂದ ಮಗು ಒಂದು ಸುತ್ತು ಸುಮ್ಮನೆ ಕುಳಿತು ಹೋಗುವುದು ನಷ್ಟವೇ.

ರೇಟಿಂಗ್ ಎಂಬ ಮೆಟ್ಟಿಲು

ಗಂಭೀರವಾಗಿ ಆಡುವ ಮಗುವಿಗೆ ಸ್ಥಳೀಯ ಟ್ರೋಫಿಗಿಂತ ಮುಖ್ಯವಾದದ್ದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಕೊಡುವ ರೇಟಿಂಗ್. ಅದು ಬೇಕಾದರೆ ಮಾನ್ಯತೆ ಪಡೆದ ಪಂದ್ಯಾವಳಿಗಳಲ್ಲಿ, ಈಗಾಗಲೇ ರೇಟಿಂಗ್ ಇರುವವರ ವಿರುದ್ಧ ಕನಿಷ್ಠ ಐದು ಪಂದ್ಯ ಆಡಿರಬೇಕು. ಇಂಥ ಪಂದ್ಯಾವಳಿಗಳ ಶುಲ್ಕ ಸಾವಿರದ ಲೆಕ್ಕದಲ್ಲಿರುತ್ತದೆ. ದೀರ್ಘ ಮಾದರಿಯದಾದರೆ ಮೂರು–ನಾಲ್ಕು ದಿನ ಲಾಡ್ಜ್ ಹಿಡಿಯಬೇಕು. 2024ರ ಮಾರ್ಚ್ 1ರಿಂದ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿತು. ರೇಟಿಂಗ್ ಪಟ್ಟಿಯ ಒಳಗಿದ್ದ ಕಡಿಮೆ ರೇಟಿಂಗಿನವರಿಗೆ ಇದರಿಂದ ಅಂಕ ಕೂಡಿಬಂತು; ಹೊರಗಿದ್ದವರಿಗೆ ಒಳಬರುವ ಮೆಟ್ಟಿಲು ಎತ್ತರವಾಯಿತು. ಕೋಚಿಂಗ್ ಇಲ್ಲದೆ, ವರ್ಷಕ್ಕೆ ಒಂದೆರಡು ಪಂದ್ಯಾವಳಿಯಷ್ಟೇ ಆಡಲು ಸಾಧ್ಯವಾಗುವ ಮಗುವಿಗೆ ಇದು ಕಷ್ಟದ ಹಾದಿ. ಬರದ ಎರಡು ವರ್ಷ ಪಂದ್ಯಾವಳಿ ತಪ್ಪಿಸಿಕೊಂಡರೆ ಹನ್ನೊಂದರ ಮಗು ಹದಿಮೂರಾಗುತ್ತದೆ. ಅಷ್ಟರಲ್ಲಿ ಜತೆಗೆ ಆಡುತ್ತಿದ್ದ ನಗರದ ಮಕ್ಕಳು ಬಹಳ ಮುಂದೆ ಹೋಗಿರುತ್ತಾರೆ. ಮುಂದಿನ ಸಲ ಮಳೆ ಬಂದರೂ ಆ ಮಗು ಮರಳಿ ಬರುವುದಿಲ್ಲ. ಹಾಜರಾತಿಯ ಕುಸಿತ ತಾತ್ಕಾಲಿಕ, ಕಾಲ ಸುಧಾರಿಸಿದರೆ ಸರಿಹೋಗುತ್ತದೆ ಎನ್ನುವವರು ಗಮನಿಸಬೇಕಾದ ಸಂಗತಿ ಇದು.

ಮೊಬೈಲ್ ಕಾರಣವೇ?

ಮಕ್ಕಳು ಮೊಬೈಲ್‌ನಲ್ಲಿ ಆಡುತ್ತಾರೆ, ಅದಕ್ಕೇ ಹಾಲ್‌ಗೆ ಬರುವುದಿಲ್ಲ ಎಂಬ ಮಾತು ಸಾಮಾನ್ಯ. ಇದರಲ್ಲಿ ಅರ್ಧ ಸತ್ಯವಿದೆ. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನಾದ್ಯಂತ ಆನ್‌ಲೈನ್ ಚೆಸ್ ಆಡುವವರು ಹೆಚ್ಚಿದರು. ಲಿಚೆಸ್‌ನಂಥ ತಾಣ ಶುಲ್ಕವಿಲ್ಲದೆ, ಜಾಹೀರಾತಿಲ್ಲದೆ ಎಲ್ಲರಿಗೂ ತೆರೆದಿದೆ. ಆದರೆ ಮೊಬೈಲ್ ನಗರದ ಮಕ್ಕಳ ಕೈಯಲ್ಲೂ ಇದೆ. ಬೆಂಗಳೂರು, ಚೆನ್ನೈನ ಪಂದ್ಯಾವಳಿಗಳು ಅದರಿಂದ ಸೊರಗಿಲ್ಲ. ಆನ್‌ಲೈನ್‌ನಲ್ಲಿ ರುಚಿ ಹತ್ತಿದವರು ಅಲ್ಲಿ ಹಾಲ್‌ಗೂ ಬರುತ್ತಾರೆ. ಮೊಬೈಲ್ ಇಲ್ಲಿ ಹಾಲ್‌ನ ಬದಲಿಯಾಗಿರುವುದು ಹಾಲ್ ದೂರವಿರುವುದರಿಂದ, ದುಬಾರಿಯಾಗಿರುವುದರಿಂದ.

ಬದಲಿ ಪೂರ್ತಿ ಬದಲಿಯೂ ಅಲ್ಲ. ಎದುರಿಗೆ ಕುಳಿತವರ ಕಣ್ಣು ತಪ್ಪಿಸದೆ ಒಂದು ಗಂಟೆ ಯೋಚಿಸುವುದು, ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮಕ್ಕೆ ತಲೆಬಾಗುವುದು, ನಡೆಗಳನ್ನು ಬರೆದಿಟ್ಟುಕೊಳ್ಳುವುದು, ಸೋತಾಗ ಎದುರಾಳಿಯ ಕೈ ಕುಲುಕಿ ಏಳುವುದು ಮೂರು ನಿಮಿಷದ ಆನ್‌ಲೈನ್ ಆಟದಲ್ಲಿ ಕಲಿಯಲಾಗದ ಪಾಠಗಳು. ಚೆಸ್ ಮಕ್ಕಳಿಗೆ ಏಕೆ ಬೇಕು ಎಂದು ಕೇಳಿದರೆ ಕೊಡಬೇಕಾದ ಉತ್ತರವೂ ಇವೇ.

ಕಷ್ಟಕಾಲದ ಹಳೆಯ ಪಾಠ

ಆರ್ಥಿಕ ಮುಗ್ಗಟ್ಟು ಚೆಸ್‌ಗೆ ಏನು ಮಾಡುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ 1930ರ ದಶಕದ ಅಮೆರಿಕ. ಮಹಾ ಕುಸಿತದ ಆ ವರ್ಷಗಳಲ್ಲಿ ಅಮೆರಿಕದ ತಂಡ 1931, 1933, 1935 ಮತ್ತು 1937ರ ಒಲಿಂಪಿಯಾಡ್‌ಗಳಲ್ಲಿ ಸತತ ನಾಲ್ಕು ಚಿನ್ನ ಗೆದ್ದಿತು. ಆಟ ಬಡವಾಗಿರಲಿಲ್ಲ. ಆದರೆ ಅದೇ ತಂಡದ ಐಸಾಕ್ ಕ್ಯಾಶ್‌ಡನ್, ಆ ಕಾಲದ ಜಗತ್ತಿನ ಅತಿ ಪ್ರಬಲ ಆಟಗಾರರಲ್ಲೊಬ್ಬರು, ಸಂಸಾರ ಸಾಗಿಸಲು ವಿಮೆ ಮಾರುವ ಕೆಲಸ ಹಿಡಿಯಬೇಕಾಯಿತು. ಆಗಿನ ವಿಶ್ವ ಚಾಂಪಿಯನ್ ಕ್ಯಾಪಾಬ್ಲಾಂಕಾ 1927ರಲ್ಲಿ ಅಲೆಖಿನ್‌ಗೆ ವಿಶ್ವ ಪಟ್ಟ ಬಿಟ್ಟುಕೊಟ್ಟ ಮೇಲೆ ಮರುಪಂದ್ಯಕ್ಕೆ ಹಾತೊರೆದರು. ಆಗಿನ ನಿಯಮದ ಪ್ರಕಾರ ಸವಾಲು ಹಾಕುವವರು 10,000 ಡಾಲರ್ ಹೊಂದಿಸಬೇಕಿತ್ತು. ಇಬ್ಬರ ನಡುವಿನ ವೈಮನಸ್ಯದ ಜತೆಗೆ 1929ರ ಷೇರುಪೇಟೆ ಕುಸಿತವೂ ಸೇರಿ, ಆ ಪಂದ್ಯ ನಡೆಯಲೇ ಇಲ್ಲ. ಪ್ರತಿಭೆಗೆ ಕಷ್ಟಕಾಲವಿಲ್ಲ, ಪಂದ್ಯಕ್ಕೆ ಇದೆ.

ನಮ್ಮ ನಾಡಿನ ಪರಂಪರೆ ಇನ್ನೊಂದು ವಿಷಯ ಹೇಳುತ್ತದೆ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಚದುರಂಗದ ಪಂಡಿತರು. ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು. ಅವರ ಕಾಲದಲ್ಲಿ ಆಟದ ಖರ್ಚು ಅರಮನೆಯದು. ಅರಮನೆಯ ಹೊರಗೆ, ಊರ ಗುಡಿಯ ಕಲ್ಲುಹಾಸಿನ ಮೇಲೆ ಕೆತ್ತಿದ ಹುಲಿಕಟ್ಟು, ಚೌಕಾಬಾರದ ಮನೆಗಳಿಗೆ ಖರ್ಚೇ ಇರಲಿಲ್ಲ. ಹುಣಸೆಬೀಜ, ಕಲ್ಲುಹರಳೇ ಕಾಯಿ, ಕುಳಿತವರೇ ಆಟಗಾರರು. ಒಂದೋ ದೊರೆ ಕೊಡುತ್ತಿದ್ದ, ಇಲ್ಲವೇ ಊರು ಜಾಗ ಕೊಡುತ್ತಿತ್ತು. ಆಡುವ ಮಗುವಿನ ಅಪ್ಪನೇ ಬಹುಮಾನದ ಹಣವನ್ನೂ ಹಾಲ್ ಬಾಡಿಗೆಯನ್ನೂ ಶುಲ್ಕದ ರೂಪದಲ್ಲಿ ಕೊಡಬೇಕೆಂಬ ಈಗಿನ ಏರ್ಪಾಡು ಹೊಸದು.

ಬೇರೆಡೆ ಆದದ್ದು

ಕೇರಳದ ತ್ರಿಶೂರು ಜಿಲ್ಲೆಯ ಮರೊಟ್ಟಿಚ್ಚಾಲ್ ಹಳ್ಳಿಯಲ್ಲಿ ಚಹಾ ಅಂಗಡಿಯ ಉಣ್ಣಿಕೃಷ್ಣನ್ ಊರವರಿಗೆ ಚೆಸ್ ಕಲಿಸಿದರು. ಕುಡಿತ, ಜೂಜಿನಲ್ಲಿ ಮುಳುಗಿದ್ದ ಊರು ಚೆಸ್‌ನ ಊರೆಂದು ಹೆಸರಾಯಿತು. ಅಲ್ಲಿ ಆಟ ಬೇರೂರಿದ್ದು ಚಹಾ ಅಂಗಡಿಯಲ್ಲಿ, ಮನೆ ಜಗಲಿಯಲ್ಲಿ. ತಮಿಳುನಾಡು ಸರ್ಕಾರದ ಹಾದಿ ಬೇರೆ. 2013ರಲ್ಲಿ ಚೆನ್ನೈನಲ್ಲಿ ಆನಂದ್–ಕಾರ್ಲ್‌ಸನ್ ವಿಶ್ವ ಪಟ್ಟದ ಪಂದ್ಯ ನಡೆಯುವ ಹೊತ್ತಿಗಾಗಲೇ 7ರಿಂದ 17 ವರ್ಷದ ಶಾಲಾ ಮಕ್ಕಳಿಗಾಗಿ ಅಲ್ಲಿ ಚೆಸ್ ಕಾರ್ಯಕ್ರಮ ಆರಂಭವಾಗಿತ್ತು. ಆ ರಾಜ್ಯ ದೇಶದಲ್ಲೇ ಅತಿ ಹೆಚ್ಚು ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಕೊಟ್ಟಿರುವುದರ ಹಿಂದೆ ಹಳೆಯ ಕ್ಲಬ್‌ಗಳ ಜತೆ ಸರ್ಕಾರದ ಬೆಂಬಲವೂ ಇದೆ. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ಚೆಸ್‌ನಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಅವಕಾಶ ಸಿಕ್ಕರೆ ಯಾವ ಕೊರತೆಯನ್ನೂ ಮೀರಿ ಈ ಆಟ ಆಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲೂ ಬುನಾದಿ ಇಲ್ಲದಿಲ್ಲ. ಗ್ರಾಮೀಣಾಭಿವೃದ್ಧಿ ಇಲಾಖೆ 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಆರಂಭಿಸಿದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳ ತಾಣಗಳಾಗುತ್ತಿವೆ. ಅರಿವು ಕೇಂದ್ರಗಳೆಂಬ ಹೊಸ ಹೆಸರಿನ ಈ ಗ್ರಂಥಾಲಯಗಳಲ್ಲಿ ಚೆಸ್ ಬೋರ್ಡುಗಳೂ ಕಾಣಿಸಿಕೊಂಡಿವೆ. ಶಾಲಾ ಕ್ರೀಡಾಕೂಟಗಳಲ್ಲಿ ಚೆಸ್‌ಗೆ ಸ್ಥಾನವಿದೆ. ಎರಡೂ ತಾಲ್ಲೂಕುಗಳಲ್ಲಿ ವಸತಿ ಶಾಲೆಗಳು, ಹಾಸ್ಟೆಲ್‌ಗಳು ಇವೆ. ಅಲ್ಲಿ ಸಂಜೆಯ ಹೊತ್ತು ನೂರಾರು ಮಕ್ಕಳು ಒಂದೆಡೆ ಇರುತ್ತಾರೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇಂಥ ದೊಡ್ಡ ಸಂಸ್ಥೆಗಳಿಗಾಗಿ ಅಮೃತ ಮಹಲ್ ಕಾವಲಿನ ಹುಲ್ಲುಗಾವಲನ್ನು ಸಾವಿರಾರು ಎಕರೆ ಬಿಟ್ಟುಕೊಟ್ಟ ಸೀಮೆಯ ಮಕ್ಕಳು ಅವುಗಳಿಂದ ಚೆಸ್‌ಗೆ ಒಂದಿಷ್ಟು ನೆರವು ಕೇಳುವುದು ತಪ್ಪಲ್ಲ.

ಆಗಬೇಕಾದ್ದು

ಮೊದಲನೆಯದು, ಪಂದ್ಯಾವಳಿಯೇ ಮಕ್ಕಳ ಬಳಿಗೆ ಬರಬೇಕು. ನಾಯಕನಹಟ್ಟಿ, ತಳಕು, ಪರಶುರಾಂಪುರ, ರಾಂಪುರದಂಥ ಊರುಗಳ ಶಾಲೆಯ ಕೋಣೆಗಳಲ್ಲಿ ಅರ್ಧ ದಿನದ, ಐದು ಸುತ್ತಿನ ಪಂದ್ಯಾವಳಿಗೆ ಹಾಲ್ ಬಾಡಿಗೆ ಬೇಕಿಲ್ಲ. ಅಲ್ಲಿ ಗೆದ್ದವರನ್ನು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಸಂಘಟಕರ ಖರ್ಚಿನಲ್ಲೇ ಕರೆದೊಯ್ಯಬೇಕು.

ಎರಡನೆಯದು, ದಿನಾಂಕ. ಈ ಸೀಮೆಯಲ್ಲಿ ದಸರಾ ರಜೆಯೆಂದರೆ ಶೇಂಗಾ ಕೀಳುವ, ಕಾಯಿ ಬಿಡಿಸುವ ಕಾಲ. ಮಕ್ಕಳ ಕೈಯೂ ಹೊಲಕ್ಕೆ ಬೇಕು. ಏಪ್ರಿಲ್–ಮೇನಲ್ಲಿ ರಜೆಯಿದ್ದರೂ ಕೈಯಲ್ಲಿ ಕಾಸಿಲ್ಲ, ಜತೆಗೆ ಸುಡುವ ಬಿಸಿಲು. ಫಸಲು ಮಾರಿ ಒಂದಿಷ್ಟು ದುಡ್ಡು ಓಡಾಡುವ ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಭಾನುವಾರಗಳು ಸರಿಯಾದ ಕಾಲ. ನಗರದ ಕ್ಯಾಲೆಂಡರ್ ಹಿಡಿದು ದಿನ ಗೊತ್ತು ಮಾಡುವುದನ್ನು ನಿಲ್ಲಿಸಬೇಕು.

ಮೂರನೆಯದು, ಶುಲ್ಕ. ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕ ಇರಕೂಡದು. ನಗದು ಬಹುಮಾನವನ್ನು ಇಳಿಸಿ, ಆ ಹಣವನ್ನು ಊಟಕ್ಕೂ ಪ್ರಯಾಣಕ್ಕೂ ಹಾಕಿದರೆ ಬರುವವರು ಹೆಚ್ಚುತ್ತಾರೆ. ಒಬ್ಬ ಗೆದ್ದವನಿಗೆ ಐದು ಸಾವಿರ ಕೊಡುವುದಕ್ಕಿಂತ ಐವತ್ತು ಮಕ್ಕಳಿಗೆ ಬಸ್ ಚಾರ್ಜು ಕೊಡುವುದು ಆಟಕ್ಕೆ ಮಾಡುವ ದೊಡ್ಡ ಉಪಕಾರ. ಬೋರ್ಡು, ಗಡಿಯಾರಗಳನ್ನು ಒಂದು ಸಲ ಕೊಂಡು ತಾಲ್ಲೂಕಿನಲ್ಲೇ ಇಟ್ಟರೆ ಹತ್ತು ವರ್ಷ ಬಾಳುತ್ತವೆ.

ನಾಲ್ಕನೆಯದು, ಕಲಿಸುವವರು. ಪ್ರತಿ ಹೋಬಳಿಗೆ ಇಬ್ಬರು ಶಿಕ್ಷಕರನ್ನೋ ಗ್ರಂಥಾಲಯ ಮೇಲ್ವಿಚಾರಕರನ್ನೋ ಆರಿಸಿ ಆಟದ ನಿಯಮ, ನಡೆ ಬರೆಯುವ ಕ್ರಮ, ಜೋಡಿ ಪಟ್ಟಿ ಮಾಡುವ ರೀತಿ ಕಲಿಸಿದರೆ ತೀರ್ಪುಗಾರರಿಗಾಗಿ ಬೇರೆ ಊರಿಗೆ ಕೈಚಾಚಬೇಕಿಲ್ಲ. ಜಿಲ್ಲಾ ಚೆಸ್ ಸಂಘಟನೆಗಳು ಮನಸ್ಸು ಮಾಡಿದರೆ ಇದು ಎರಡು ದಿನದ ಶಿಬಿರದಲ್ಲಿ ಆಗುವ ಕೆಲಸ.

ಐದನೆಯದು, ಹಣ. ಇವುಗಳಿಗೆಲ್ಲ ಬೇಕಾದದ್ದು ಕೋಟಿಯ ಮಾತಲ್ಲ. ಪಂಚಾಯಿತಿ, ಸಹಕಾರ ಸಂಘ, ಈ ಭಾಗದಲ್ಲಿ ಗಾಳಿಯಂತ್ರ ನೆಟ್ಟಿರುವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಜಾತ್ರೆ ಸಮಿತಿಗಳು ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಊರೂರಲ್ಲಿ ಕೆರೆ ಕಟ್ಟಿಸಿದರೆಂದು ನೆನೆಯುವ ಸೀಮೆ ಇದು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಕಟ್ಟುವುದು ಇಲ್ಲಿನವರಿಗೆ ಹೊಸತಲ್ಲ.

ಮಳೆ ನಮ್ಮ ಕೈಯಲ್ಲಿಲ್ಲ, ರೇಷ್ಮೆ ನೂಲಿನ ದರವೂ ಇಲ್ಲ. ಪಂದ್ಯಾವಳಿಯ ಶುಲ್ಕ, ಸ್ಥಳ, ದಿನಾಂಕ ಈ ಮೂರೂ ನಮ್ಮ ಕೈಯಲ್ಲಿವೆ. ಚಳ್ಳಕೆರೆ, ಮೊಳಕಾಲ್ಮುರಿನ ಶಿಕ್ಷಕರು, ವರ್ತಕರು, ಪಂಚಾಯಿತಿ ಸದಸ್ಯರು ಈ ಬರುವ ಜನವರಿಯಲ್ಲಿ ತಮ್ಮ ಹೋಬಳಿಯಲ್ಲಿ ಶುಲ್ಕವಿಲ್ಲದ ಒಂದು ಪಂದ್ಯಾವಳಿ ನಡೆಸಲಿ. ಬರುವ ಮಕ್ಕಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಲಿ, ಮರುವರ್ಷ ಮಳೆ ಬಂದರೂ ಬಾರದಿದ್ದರೂ ಅದನ್ನು ಮತ್ತೆ ನಡೆಸಲಿ.